ಕುಸುಬಿ ಎಣ್ಣೆ ಕುಡಿದ ಮಷೀನು

ಮನೆಯಲ್ಲಿ ಹಳೆಯ ಹೊಲಿಗೆ ಮಷೀನು ಇದ್ದವರು ಜಮಖಂಡಿಯಲ್ಲಿ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನಾನು ಕುಪ್ಪಸ ಹೊಲಿಯುವವಳು. ಹಳೆಯ ಮಷೀನುಗಳ ಜಾತಕ ಹೇಳುವುದು ಆ ಕೆಲಸಕ್ಕೆ ತಾನಾಗಿ ಅಂಟಿಕೊಂಡ ಇನ್ನೊಂದು ಕೆಲಸ. ಬಂದವರ ಮೊದಲ ಮಾತು ಒಂದೇ: "ಅಕ್ಕಾರ, ನಮ್ಮ ಮುತ್ಯಾನ ಕಾಲದ್ದೈತ್ರಿ. ಭಾಳ ರೊಕ್ಕ ಬರತೈತಂತಲ್ರಿ?"

ಯಾರೋ ಮೊಬೈಲಿನಲ್ಲಿ ಹಬ್ಬಿಸಿದ ಸುದ್ದಿ ಅದು. ಹಳೆಯ ಮಷೀನಿನ ಹೊಟ್ಟೆಯಲ್ಲಿ ಎಂಥದೋ ಕೆಂಪು ಪಾದರಸ ಇರುತ್ತದಂತೆ, ಅದು ಬಂಗಾರಕ್ಕಿಂತ ತುಟ್ಟಿಯಂತೆ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬ ಇದನ್ನು ನಂಬಿ ಚಂದದ ಮಷೀನೊಂದನ್ನು ಸುತ್ತಿಗೆಯಿಂದ ಒಡೆದು ನೋಡಿದ. ಏನೂ ಸಿಗಲಿಲ್ಲ. ತುಂಡುಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಂದು, "ಜೋಡಿಸಿ ಕೊಡ್ತೀರೇನ್ರಿ?" ಎಂದು ಕೇಳಿದ.

"ಬೆಲ್ಲದ ಪೆಂಟಿ ಅಂತ ತಿಳದಿದ್ರೇನ್ರಿ, ಒಡದು ನೋಡಾಕ?" ಎಂದು ಕೇಳಿ ಚಹಾ ಕುಡಿಸಿ ಕಳಿಸಿದೆ.

ಹಳೆಯ ಮಷೀನನ್ನು ನೋಡುವುದಕ್ಕೆ ಒಂದು ರೀತಿ ಇದೆ. ಮುಂದಿನ ಹಿತ್ತಾಳೆ ಬಿಲ್ಲೆ ಯಾವ ಕಂಪನಿಯದೆಂದು ಹೇಳುತ್ತದೆ. ಮೈಮೇಲೆ ಒತ್ತಿದ ನಂಬರು ಅದು ಹುಟ್ಟಿದ ಕಾಲವನ್ನು ಹೇಳುತ್ತದೆ. ನಾನು ಮಾತ್ರ ಮೊದಲು ಸೂಜಿಯ ಪಕ್ಕದ ಜಾರು ತಗಡನ್ನು ಸರಿಸುತ್ತೇನೆ. ಈಗಿನ ಮಷೀನುಗಳಲ್ಲಿ ಅಲ್ಲಿ ದುಂಡನೆಯ ಬಾಬಿನ್ ಇರುತ್ತದೆ. ತೀರಾ ಹಳೆಯದಾದರೆ ಬೆರಳುದ್ದದ, ಮೂತಿ ಚೂಪಾದ ಉಕ್ಕಿನ ಲಾಳಿ ಮಲಗಿರುತ್ತದೆ. ಮಗ್ಗದ ಲಾಳಿಯದೇ ಮರಿ ಅದು. ಲಾಳಿ ಕಳೆದುಹೋಗಿದ್ದರೆ ಆ ಮಷೀನಿಗೆ ಕಬ್ಬಿಣದ ಬೆಲೆ. ಲಾಳಿ ಇದ್ದು, ಮೈಮೇಲಿನ ಬಂಗಾರದ ಬಳ್ಳಿ ಅಳಿಯದೆ, ಚಕ್ರ ತಿರುಗಿದರೆ ಅದು ಮಷೀನು. ಚಂದ ಕಾಣಲಿ ಎಂದು ಹೊಸ ಬಣ್ಣ ಬಳಿದವರು ಇದ್ದ ಬೆಲೆಯನ್ನೂ ಕಳೆದುಕೊಳ್ಳುತ್ತಾರೆ.

ಇಷ್ಟೆಲ್ಲ ನಾನು ಕಲಿತದ್ದು ಒಂದೇ ಒಂದು ಮಷೀನಿನ ಸಲುವಾಗಿ. ಅದು ನನ್ನ ಅವ್ವನದು. ಬನಹಟ್ಟಿಯಲ್ಲಿ ದೊಡ್ಡವ್ವನ, ಅಂದರೆ ಅಪ್ಪನ ಅಣ್ಣನ ಹೆಂಡತಿಯ, ಮನೆಯಲ್ಲಿ ಅದು ಸೆರೆಯಾಗಿತ್ತು. ಅದನ್ನು ಅವಳ ಕೈಯಿಂದಲೇ ಪಡೆಯಬೇಕು, ನಗುನಗುತ್ತ ಕೊಡುವ ಹಾಗೆ ಮಾಡಬೇಕು, ಆಮೇಲೆ ಅವಳು ಅಳುವುದನ್ನು ನೋಡಬೇಕು. ನನ್ನ ಹಟ ಇಷ್ಟೇ ಇತ್ತು. ಹಾವಿನ ದ್ವೇಷ ಹನ್ನೆರಡು ವರುಷ ಎನ್ನುತ್ತಾರೆ. ಹಾವು ಬಲು ಬೇಗ ಮರೆಯುತ್ತದೆ ಎಂದು ನನ್ನ ಅನಿಸಿಕೆ.

ಅವ್ವ ರಬಕವಿಯ ಹುಡುಗಿ. ಬನಹಟ್ಟಿಗೆ ಕಿರಿಸೊಸೆಯಾಗಿ ಬಂದಾಗ ಅವಳ ಹಿಂದೆಯೇ ಆ ಮಷೀನೂ ಬಂತು. ಅವಳ ಅಪ್ಪ ಅದನ್ನು ಜಮಖಂಡಿಯಲ್ಲಿ ಸಂಸ್ಥಾನದ ಕಾಲದ ದರ್ಜಿಯೊಬ್ಬನ ಮನೆಯಿಂದ ಕೊಂಡಿದ್ದನಂತೆ. ಎರಡು ಮಗ್ಗದ ನೇಕಾರನಿಗೆ ಅದು ಕೈಮೀರಿದ ಖರ್ಚು, ಆದರೆ ಇದ್ದವಳು ಒಬ್ಬಳೇ ಮಗಳು. ಕಪ್ಪು ಮೈ, ಮೈತುಂಬ ಬಂಗಾರದ ಬಳ್ಳಿ, ಬಳ್ಳಿಯ ನಡುನಡುವೆ ಕೆಂಪು ಹೂವು. ಅವ್ವ ಅದನ್ನು ಲಾಳಿ ಮಷೀನು ಎಂದೇ ಕರೆಯುತ್ತಿದ್ದಳು. ನಡುಮನೆಯಲ್ಲಿ ಮಗ್ಗದ ಸಪ್ಪಳ, ಪಡಸಾಲೆಯಲ್ಲಿ ಅವ್ವನ ಮಷೀನಿನ ಸಪ್ಪಳ. ನಾನು ಮಲಗಿ ಎದ್ದದ್ದೆಲ್ಲ ಆ ಎರಡರ ನಡುವೆ.

ಅಪ್ಪ ತೀರಿಕೊಂಡ ಮರುವರ್ಷ ಮನೆ ಪಾಲಾಯಿತು. ತವರಿನಿಂದ ತಂದ ಬಳುವಳಿಗೆ ನಮ್ಮಲ್ಲಿ ಪಾಲಿಲ್ಲ. ತಂದವಳದು ತಂದವಳಿಗೆ. ಹಿರಿಯರು ಸಾಲಾಗಿ ಕೂತಿದ್ದರು. ಅವ್ವನ ತಾಮ್ರದ ಕೊಡ, ಕಬ್ಬಿಣದ ಟ್ರಂಕು ಅವಳ ಪಕ್ಕಕ್ಕೆ ಬಂದವು. ಮಷೀನಿನ ಸರದಿ ಬಂದಾಗ ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು.

"ಅದು ಬಳುವಳಿ ಹೆಂಗ ಆಗತೈತ್ರಿ? ಇಷ್ಟ ವರ್ಷ ಅದಕ್ಕ ಎಣ್ಣಿ ಹಾಕಿದ್ದು ಯಾರ ಮನ್ಯಾಗಿಂದು? ನಮ್ಮ ಮನಿ ಎಣ್ಣಿ ಕುಡದು ನಡದೈತಿ. ಅದು ನಮ್ಮ ಮನಿದು."

ಇಂಥ ಮಾತಿಗೆ ನಗಬೇಕಿತ್ತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅವಳ ಬಾಯಿಗೆ ಅಂಜಿ ತಲೆಯಾಡಿಸಿದರು. ಆ ಹೊತ್ತಿಗೆ ಮಷೀನಿನ ಸೂಜಿಯ ಕೆಳಗೆ ನನ್ನ ನೀಲಿ ಪರಕಾರ, ಅಂದರೆ ಲಂಗ, ಇತ್ತು, ಅರ್ಧ ಹೊಲಿದದ್ದು. ದೊಡ್ಡವ್ವ ಕತ್ತರಿ ತಂದು ದಾರ ಕತ್ತರಿಸಿದಳು, ಬಟ್ಟೆಯನ್ನು ಜಗ್ಗಿ ತೆಗೆದು ಅವ್ವನ ಮಡಿಲಿಗೆ ಎಸೆದಳು. "ತಗೋ. ನಿಮ್ಮದು ನಿಮಗ," ಎಂದಳು. ಅವ್ವ ಬಟ್ಟೆ ಮಡಚಿಕೊಂಡು ನನ್ನ ಕೈ ಹಿಡಿದು ಹೊರಬಿದ್ದಳು. ಉಳಿದರ್ಧವನ್ನು ಕೈಸೂಜಿಯಲ್ಲಿ ಹೊಲಿದು ಉಡಿಸಿದಳು. ಆ ಪರಕಾರದ ಒಂದು ಮಗ್ಗುಲಿನ ಹೊಲಿಗೆ ನೆಟ್ಟಗೆ, ಇನ್ನೊಂದರದ್ದು ಸೊಟ್ಟಗೆ. ಶಾಲೆಯಲ್ಲಿ ಹುಡುಗಿಯರು ತೋರಿಸಿ ನಗುತ್ತಿದ್ದರು.

ಅಂದಿನಿಂದ ಅವ್ವ ಕೌದಿ ಹೊಲಿದು ನನ್ನನ್ನು ಸಾಕಿದಳು. ಊರಿನವರ ಹಳೆಯ ಸೀರೆಗಳನ್ನು ಪದರ ಪದರ ಹಾಸಿಕೊಂಡು, ಬಾಗಿಲಲ್ಲಿ ಕೂತು, ಕೈಸೂಜಿಯಿಂದ. ಇತ್ತ ದೊಡ್ಡವ್ವನ ಮನೆಯಲ್ಲಿ ಯಾರಿಗೂ ಹೊಲಿಯಲು ಬರುತ್ತಿರಲಿಲ್ಲ. ಮಷೀನಿನ ಹಲಗೆಯ ಮೇಲೆ ಮೊದಲು ರೇಡಿಯೊ ಕೂತಿತು, ಆಮೇಲೆ ಟಿವಿ ಕೂತಿತು. ತಾನೂ ಹೊಲಿಯಲಿಲ್ಲ, ಹೊಲಿಯುವವಳಿಗೂ ಬಿಡಲಿಲ್ಲ.

ನನ್ನ ಲಗ್ನ ಗೊತ್ತಾದಾಗ ಅವ್ವನ ತವರಿನಿಂದ ಕುಪ್ಪಸಕ್ಕೆಂದು ಒಂದು ರೇಷ್ಮೆ ಖಣ ಬಂತು. ಹಸಿರು ಮೈ, ಕೆಂಪು ಅಂಚು. ಅದನ್ನು ದರ್ಜಿಯ ಕೈಗೆ ಕೊಡಲು ಅವ್ವನಿಗೆ ಮನಸ್ಸಿಲ್ಲ. ಮಗಳ ಲಗ್ನದ ಕುಪ್ಪಸ ತಾನೇ, ತನ್ನ ಮಷೀನಿನ ಮೇಲೆಯೇ ಹೊಲಿಯಬೇಕು. ಆಸೆ ಎಂದು ಅವಳು ಬಾಯಿಬಿಟ್ಟು ಹೇಳಿದ್ದು ನಾನು ಕಂಡಂತೆ ಅದೊಂದೇ. ನನ್ನನ್ನೂ ಕರೆದುಕೊಂಡು ಆ ಮನೆಯ ಹೊಸ್ತಿಲಿಗೆ ಹೋದಳು.

"ಅಕ್ಕಾ, ಒಂದ ತಾಸು ಮಷೀನ ಮ್ಯಾಲೆ ಕುಂಡ್ರಾಕ ಬಿಡ್ರಿ. ಹುಡುಗಿ ಕುಬಸ ಹೊಲಕೊಂಡು ಎದ್ದ ಹೋಗ್ತೀನಿ."

ದೊಡ್ಡವ್ವ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಈಗ ಎಲ್ಲಿ ಟಿವಿ ಇಳಸ್ತಿ? ಖಣ ಇಟ್ಟು ಹೋಗು, ನೋಡೂಣು."

ಟಿವಿ ಇಳಿಸಿದ ದಿನ ಕರೆಯುತ್ತಾಳೆ ಎಂದು ನಂಬಿ ಅವ್ವ ಇಟ್ಟು ಬಂದಳು. ಲಗ್ನದ ಹಿಂದಿನ ದಿನ ಖಣ ವಾಪಸು ಬಂತು. ಯಾವ ಮಡಿಕೆಯಲ್ಲಿ ಕೊಟ್ಟಿದ್ದೆವೋ ಅದೇ ಮಡಿಕೆಯಲ್ಲಿ. ಬಿಚ್ಚಿ ಕೂಡ ನೋಡಿರಲಿಲ್ಲ. "ಪುರಸೊತ್ತ ಆಗಲಿಲ್ಲ" ಎಂದು ಹೇಳಿಕಳಿಸಿದ್ದಳು. ನಾನು ನೆರೆಮನೆಯವರ ಮಗಳ ಕುಪ್ಪಸಕ್ಕೆ ಪಿನ್ನು ಚುಚ್ಚಿಕೊಂಡು ಹಸೆಗೆ ಕೂತೆ. "ಮುಂದ ಯಾವಾಗರ ಹೊಲಿಸ್ಕೊ" ಎಂದು ಅವ್ವ ಖಣವನ್ನು ನನ್ನ ಟ್ರಂಕಿನಲ್ಲಿಟ್ಟಳು. ನಾನು ಹೊಲಿಸಲಿಲ್ಲ. ಆ ಮಡಿಕೆಯನ್ನು ಮುರಿಯಲೇ ಇಲ್ಲ. ಸಂಸಾರ, ಮಕ್ಕಳು, ಗಿರಾಕಿಗಳು ಎಂದು ಸಿಟ್ಟು ಯಾವಾಗ ತಣ್ಣಗಾಗತೊಡಗಿದರೂ ಟ್ರಂಕು ತೆರೆದು ಅದನ್ನೊಮ್ಮೆ ನೋಡಿ ಮುಚ್ಚುತ್ತಿದ್ದೆ. ಒಲೆಗೆ ಊದಿದ ಹಾಗೆ ಮತ್ತೆ ಹತ್ತಿಕೊಳ್ಳುತ್ತಿತ್ತು.

ಅವ್ವ ಸಾಯುವಾಗಲೂ ಮಷೀನಿನ ಮಾತೆತ್ತಲಿಲ್ಲ. ಎತ್ತಿದ್ದರೆ ನನ್ನ ಸಿಟ್ಟು ಒಂದಿಷ್ಟು ಕಡಿಮೆಯಾಗುತ್ತಿತ್ತೇನೋ.

ಈ ಸಲ ಬೇಸಗೆಯಲ್ಲಿ ದೊಡ್ಡವ್ವನ ಮಗ ಫೋನು ಮಾಡಿದ. ನನಗೆ ಅಣ್ಣನಾಗಬೇಕು. ಮನುಷ್ಯ ಕೆಟ್ಟವನಲ್ಲ, ತಾಯಿಯ ಮುಂದೆ ಉಸಿರೆತ್ತುವವನೂ ಅಲ್ಲ. "ತಂಗಿ, ಮನ್ಯಾಗಿನ ಹಳೇ ಮಷೀನ ಕೊಳ್ಳಾಕ ಒಬ್ಬಾಂವ ಬಂದಿದ್ದ. ದೊಡ್ಡ ದೊಡ್ಡ ಹೊಟೇಲದಾಗ ಇಂಥಾವು ಇಡ್ತಾರಂತ. ಚಕ್ರ ತಿರಗವಲ್ತು ಅಂತ ಬಿಟ್ಟು ಹ್ವಾದ. ನೀ ಬಂದು ಒಮ್ಮಿ ನೋಡಿ, ಏನ ಬೆಲಿ ಬಾಳತೈತಿ ಹೇಳ ನೋಡೂಣು."

ಸ್ಕ್ರೂಡ್ರೈವರು ಚೀಲಕ್ಕೆ ಹಾಕಿಕೊಂಡು ಮರುದಿನವೇ ಬನಹಟ್ಟಿಯ ಬಸ್ಸು ಹತ್ತಿದೆ.

ಮೊಮ್ಮಗಳ ಲಗ್ನ ಹತ್ತಿರ ಬಂದಿತ್ತು. ಓಣಿಯ ಹೆಂಗಸರು ಪಡಸಾಲೆಯಲ್ಲಿ ಕೂತು ಶ್ಯಾವಿಗೆ ಹೊಸೆಯುತ್ತಿದ್ದರು. ಅವರ ನಡುವೆ ದೊಡ್ಡವ್ವ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಹಲ್ಲು ಹೋಗಿದ್ದವು, ಬಾಯಿ ಹೋಗಿರಲಿಲ್ಲ. ಚಿಕ್ಕವಳಿದ್ದಾಗ ನಾನು ಅವಳನ್ನು ನೀನು ಎನ್ನುತ್ತಿದ್ದೆ. ಪಾಲಾದ ಮೇಲೆ 'ರಿ' ಹಚ್ಚಿ ಮಾತಾಡತೊಡಗಿದೆ. ಅದು ಗೌರವವಲ್ಲ ಎಂದು ಅವಳಿಗೂ ಗೊತ್ತಿತ್ತು.

ಮಷೀನನ್ನು ಗೋಡೆಯ ಹತ್ತಿರ ಇಟ್ಟಿದ್ದರು. ಬಳ್ಳಿ, ಕೆಂಪು ಹೂವು ಎಲ್ಲ ಹಾಗೇ ಇದ್ದವು, ಮೇಲಿನ ತೋಳಿನ ಮೇಲೆ ಮಾತ್ರ ಮೂರು ಬೆರಳಗಲ ಬಂಗಾರ ಮಾಯವಾಗಿತ್ತು. ಚಕ್ರಕ್ಕೆ ಕೈ ಹಾಕಿದೆ. ಬಂಡೆಯ ಹಾಗೆ ನಿಂತಿತ್ತು. ಎಣ್ಣೆ ಬಿಡುವ ತೂತುಗಳ ಸುತ್ತ ಕಂದು ಬಣ್ಣದ ಮೇಣದಂಥದ್ದು ಕಟ್ಟಿತ್ತು. ಉಗುರಿನಿಂದ ಕೆರೆದು ಮೂಸಿ ನೋಡಿದೆ.

"ಏನ ಮೂಸತಿ?" ಎಂದಳು ದೊಡ್ಡವ್ವ. "ವರ್ಷಾ ಮಾನೌಮಿಗೆ ಖಂಡೆ ಪೂಜಿ ದಿನಾ ಇಬತ್ತಿ ಹಚ್ಚಿ, ಎಣ್ಣಿ ಕುಡಿಸೀನಿ. ನಿಮ್ಮವ್ವ ಇಷ್ಟು ಜ್ವಾಕಿ ಮಾಡತಿದ್ದಿಲ್ಲ."

"ಯಾವ ಎಣ್ಣಿರಿ?"

"ಯಾವ್ದಂದ್ರ? ಕುಸುಬಿ ಎಣ್ಣಿ. ಗಾಣದ್ದು. ಅಂಗಡ್ಯಾಗಿನ ಹಗರ ಎಣ್ಣಿ ನಮ್ಮ ಮನ್ಯಾಗ ಬರೂದಿಲ್ಲ."

ನನ್ನ ಹೊಟ್ಟೆಯೊಳಗೆ ನಗು ಗುಳುಗುಳು ಎಂದಿತು. ಕುಸುಬಿ ಎಣ್ಣೆ ರೊಟ್ಟಿ-ಪಲ್ಯಕ್ಕೆ ಚಂದ. ಗಾಳಿಗೆ ಬಿಟ್ಟರೆ ಅಂಟಾಗಿ, ಅಂಟು ಗಟ್ಟಿಯಾಗಿ, ಕೊನೆಗೆ ಬಣ್ಣ ಬಳಿದ ಹಾಗೆ ಹೆಪ್ಪುಗಟ್ಟುತ್ತದೆ. ಎಣ್ಣೆ ಡಬ್ಬಿಯ ಅಂಚು ತಿಕ್ಕಿದ ಯಾವ ಸೊಸೆಯನ್ನು ಕೇಳಿದರೂ ಹೇಳುತ್ತಾಳೆ. ವರ್ಷಕ್ಕೊಮ್ಮೆ ಆಯುಧಪೂಜೆಯ ಹೆಸರಿನಲ್ಲಿ ಇವಳು ಮಷೀನಿನ ಗಂಟಲಿಗೆ ಅದನ್ನು ಸುರಿದಿದ್ದಳು, ಒಮ್ಮೆಯೂ ಚಕ್ರ ತಿರುಗಿಸಿರಲಿಲ್ಲ. ಭಕ್ತಿಯಿಂದ ತಿಕ್ಕಿದ ವಿಭೂತಿ ಮೂರು ಪಟ್ಟೆ ಬಂಗಾರ ತಿಂದಿತ್ತು. ಮಷೀನು ಸತ್ತಿರಲಿಲ್ಲ. ಬಾಯಿಗೆ ಅಂಟು ಹಾಕಿಸಿಕೊಂಡು ಕೂತಿತ್ತು, ಅಷ್ಟೆ.

"ಸತ್ತೈತೇನ?" ಎಂದು ಅಣ್ಣ ಕೇಳಿದ.

"ನೀವ ತಿರುವಿ ನೋಡ್ರಿ."

ಎರಡೂ ಕೈ ಹಾಕಿ ತಿರುವಿದ. ದೊಡ್ಡವ್ವನೂ ಎದ್ದು ಬಂದು ತಿರುವಿದಳು. ಅಲುಗಲಿಲ್ಲ. ನಾನು ಸುಳ್ಳು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ.

"ಗುಜರಿಗೆ ಹಾಕೂದ ಛಲೋ," ಎಂದ ಅಣ್ಣ.

ನಾನು ಹೊರಡುವವಳಂತೆ ಎದ್ದೆ. "ಆತು. ಮನಿಮಗಳು ಭಾಳ ದಿನಕ್ಕ ಬಂದೀನಿ, ಉಡಿ ತುಂಬಿ ಕಳಸ್ತೀರೋ ಇಲ್ಲೋ?"

ಶ್ಯಾವಿಗೆಯ ಹೆಂಗಸರೆಲ್ಲ ದೊಡ್ಡವ್ವನ ಕಡೆ ನೋಡಿದರು. ಮನೆಮಗಳು ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಎನ್ನುವಂತಿಲ್ಲ. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ಬಂದವು. ಖಣ ತರಲು ಒಳಗೆ ಹೊರಟ ವೈನಿಯನ್ನು, ಅಂದರೆ ಅಣ್ಣನ ಹೆಂಡತಿಯನ್ನು, ನಾನು ತಡೆದೆ.

"ಖಣ ಯಾಕ ದಂಡ ಮಾಡ್ತೀರಿ? ಹೆಂಗೂ ಗುಜರಿಗೆ ಹೋಗೂದು ಈ ಮಷೀನ, ನನ್ನ ಉಡಿಯಾಗ ಹಾಕ್ರಿ."

ಹೆಂಗಸರು ನಕ್ಕರು. ಒಂದು ಹೊಸ ಖಣ ಉಳಿಯಿತಲ್ಲ ಎಂದು ದೊಡ್ಡವ್ವನ ಮುಖ ಅರಳಿತು. ನಾನು ಜಾರು ತಗಡನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಲಾಳಿ ತೆಗೆದು ಅವಳ ಕೈಗೆ ಕೊಟ್ಟೆ. ಮಷೀನಿನ ಗುರುತಾಗಿ ಅದನ್ನು ಉಡಿಗೆ ಹಾಕಲಿ ಎಂದು. ಲಾಳಿಯೊಳಗೆ ನೀಲಿ ದಾರ ಹಾಗೇ ಇತ್ತು. ಅವಳು ಅದನ್ನು ಗಮನಿಸಲಿಲ್ಲ. ಅಕ್ಕಿಯ ಜೊತೆ ಲಾಳಿಯನ್ನು ನನ್ನ ಸೆರಗಿಗೆ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ತಗೋ ತಂಗಿ, ನಿಮ್ಮವ್ವನ ನೆನಪಿಗೆ ಇರಲಿ. ಮನಿಮಗಳಿಗೆ ಕೊಟ್ಟೆ." ನಗುತ್ತಲೇ ಕೊಟ್ಟಳು.

ಜಮಖಂಡಿಗೆ ಮಷೀನು ಟಂಟಂ ಆಟೊದಲ್ಲಿ ನನ್ನ ಜೊತೆಗೇ ಬಂತು. ದಾರಿಯುದ್ದಕ್ಕೂ ಅದರ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ.

ಇಂಥ ಮಷೀನಿಗೆ ಬಲ ಉಪಯೋಗಿಸಬಾರದು. ಚಕ್ರಕ್ಕೆ ಜೋತುಬಿದ್ದರೆ ಒಳಗಿನ ಹಲ್ಲು ಮುರಿಯುತ್ತದೆ. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ, ಹಿಪ್ಪರಗಿಯ ಪರಿಚಯದವರಿಂದ ತರಿಸಿದೆ. ಬಂಗಾರದ ಬಳ್ಳಿಗೆ ತಾಗದ ಹಾಗೆ ತೂತು ತೂತಿಗೆ ಹನಿ ಹನಿ ಬಿಟ್ಟೆ. ಪಕ್ಕದ ಬ್ಯೂಟಿ ಪಾರ್ಲರಿನವಳಿಂದ ಕೂದಲು ಒಣಗಿಸುವ ಯಂತ್ರ ಈಸಿಕೊಂಡು ಬಿಸಿಗಾಳಿ ಹಿಡಿದೆ. ಕರಗಿ ಇಳಿದ ಕಂದು ಕೊಳೆಯನ್ನು ಒಂದು ಡಬ್ಬಿಯಲ್ಲಿ ಹಿಡಿದೆ. ಗಿರಾಕಿಗಳ ಕುಪ್ಪಸಗಳು ಹಿಂದೆ ಬಿದ್ದವು, ಬೈಸಿಕೊಂಡೆ. ಒಂದು ಬೆಳಿಗ್ಗೆ ಚಕ್ರ ಕೂದಲೆಳೆಯಷ್ಟು ಅಲುಗಿತು. ಮರುದಿನ ಕಾಲು ಸುತ್ತು. ಆಮೇಲೊಮ್ಮೆ ಪೂರ್ತಿ ಸುತ್ತು ತಿರುಗಿ, ಸೂಜಿ ಕೆಳಗಿಳಿದು ಮೇಲೆ ಬಂತು. ಲಾಳಿಯಲ್ಲಿದ್ದ ನೀಲಿ ದಾರದಲ್ಲೇ ಒಂದು ಚಿಂದಿಯ ಮೇಲೆ ಹೊಲಿದು ನೋಡಿದೆ. ಒಂದು ಗೇಣು ನೆಟ್ಟಗೆ ಹೊಲಿಯಿತು, ಆಮೇಲೆ ಹಳೆಯ ದಾರ ಪುಡಿಪುಡಿಯಾಯಿತು. ನನಗೆ ಅಳು ಬಂತು. ಅಳು ಮುಗಿದ ಮೇಲೆ ಮಷೀನಿನ ಅಸಲು ಎಣ್ಣೆ ಹಾಕಿ, ಹಾಡುವಷ್ಟು ಹಗುರ ಮಾಡಿದೆ.

ನನ್ನ ಸಂಕಟವೆಂದರೆ ಈ ಸುದ್ದಿ ಬನಹಟ್ಟಿಗೆ ಹೇಗೆ ಮುಟ್ಟಿಸುವುದು ಎಂಬುದಾಗಿತ್ತು. ದೇವರು ದೊಡ್ಡವನು. ವೈನಿ ಲಗ್ನದ ಕುಪ್ಪಸಗಳನ್ನು ಹೊಲಿಸಲು ನನ್ನಲ್ಲಿಗೇ ಬಂದಳು. ಮಷೀನು ಓಡುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ," ಎಂದು ಮೆಲ್ಲಗೆ ನಕ್ಕು, ಬಟ್ಟೆಯ ಅಳತೆ ಕೊಟ್ಟು ಹೋದಳು.

ಮೂರನೆಯ ದಿನ ದೊಡ್ಡವ್ವ ಬಂದಳು. ಅಣ್ಣ ಅವಳನ್ನು ಕೈಹಿಡಿದು ಇಳಿಸಿ, ಬಜಾರದಲ್ಲಿ ಕೆಲಸವಿದೆ ಎಂದು ತಪ್ಪಿಸಿಕೊಂಡ. ನಾನು ಹೊಲಿಗೆ ನಿಲ್ಲಿಸಲಿಲ್ಲ. ಅವಳು ಮಷೀನಿನ ಎದುರಿಗೇ ಕೂತಳು.

"ಜೀವ ಐತಿ ಅನ್ನೂದು ನಿನಗ ಅವತ್ತ ಗೊತ್ತಿತ್ತು," ಎಂದಳು.

"ಗೊತ್ತಿತ್ರಿ."

"ಹೊಳ್ಳಿ ಕೊಡು."

"ಉಡಿಯಾಗ ಹಾಕಿದ್ದು ಹೊಳ್ಳಿ ಕೇಳ್ತಾರೇನ್ರಿ? ಶ್ಯಾವಿಗಿ ಹೊಸಿಯೂ ಮಂದಿ ಎಲ್ಲಾ ನೋಡ್ಯಾರ. ಲಗ್ನದ ಮನ್ಯಾಗ ಮನಿಮಗಳ ಉಡಿ ಕಸಗೊಂಡ್ರು ಅಂತ ಮಾತಾಗಬಾರ್ದು ನೋಡ್ರಿ."

ಅವಳ ಬಾಯಿಂದ ಹಳೆಯ ಮಾತೇ ಬಂತು. "ಅದು ನಮ್ಮ ಮನಿ ಎಣ್ಣಿ ಕುಡದೈತಿ."

ಇದೊಂದು ಮಾತು ಬರಲಿ ಎಂದೇ ಕಾದಿದ್ದೆ. ಎದ್ದು ಹೋಗಿ ಕೊಳೆಯ ಡಬ್ಬಿ ತಂದು ಅವಳ ಮುಂದಿಟ್ಟೆ. "ಖರೆ ಐತ್ರಿ. ಕುಡದಿದ್ದೆಲ್ಲಾ ಕಾರಿಸಿ ಹ್ಯಾಂಗಿತ್ತೋ ಹಂಗ ಹಿಡದಿಟ್ಟೀನಿ. ಒಯ್ಯೂವಾಗ ಮರೀಬ್ಯಾಡ್ರಿ."

ಅವಳು ಡಬ್ಬಿಯನ್ನು ನೋಡಿದಳು. ಕೈಚೀಲ ಬಿಚ್ಚಿ ಒಂದು ಖಣ ಹೊರತೆಗೆದಳು. "ಹೋಗಲಿ ಬಿಡು. ಕಡೀ ಲಗ್ನ ನೋಡಾಕತ್ತೀನಿ. ಇದೊಂದು ಕುಬಸ ಈ ಮಷೀನ ಮ್ಯಾಲೆ ಹೊಲದು ಕೊಡು. ನಿಮ್ಮವ್ವನ ಕೈ ನಿನಗ ಬಂದೈತಿ."

ಅವ್ವನ ಕೈಯನ್ನು ಅವಳು ಹೊಗಳಿದ್ದು ಅದೇ ಮೊದಲು. ಅವ್ವ ಇದ್ದಾಗ ಹೇಳಬೇಕಿದ್ದ ಮಾತು ಅದು. ನನಗೆ ಮರುಕ ಬರಲಿಲ್ಲ.

"ಖಣ ಇಟ್ಟು ಹೋಗ್ರಿ, ನೋಡೂಣು," ಎಂದೆ.

ಅವಳಿಗೆ ಏನೂ ನೆನಪಾಗಲಿಲ್ಲ. ಆಡಿದವರು ಮರೆಯುತ್ತಾರೆ.

ಲಗ್ನಕ್ಕೆ ಬೆಳಿಗ್ಗೆಯೇ ಹೋದೆ. ದೊಡ್ಡವ್ವ ಒಳಕೋಣೆಯಲ್ಲಿ ಹೊಸ ಸೀರೆ ಮೊಣಕಾಲ ಮೇಲಿಟ್ಟುಕೊಂಡು ನನ್ನ ದಾರಿಯನ್ನೇ ಕಾಯುತ್ತಿದ್ದಳು. ಪೊಟ್ಟಣ ಕೊಟ್ಟೆ. ಬಿಚ್ಚಿದಳು. ಒಳಗೆ ಖಣವಿತ್ತು, ಅವಳು ಕೊಟ್ಟ ಮಡಿಕೆಯಲ್ಲೇ.

"ಪುರಸೊತ್ತ ಆಗಲಿಲ್ರಿ," ಎಂದೆ.

ಅವಳು ಮಡಿಕೆಯ ಅಂಚಿನ ಮೇಲೆ ಬೆರಳಾಡಿಸಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ಆಗ ನೆನಪಾಯಿತು ಅವಳಿಗೆ, ಎಲ್ಲವೂ ಒಮ್ಮೆಲೇ ನೆನಪಾಯಿತು. ಗೋಡೆಯ ಕಡೆ ಮುಖ ತಿರುಗಿಸಿ ಅತ್ತಳು. ಹಳೆಯ ಮಾಸಿದ ಕುಪ್ಪಸದ ಮೇಲೆಯೇ ಹೊಸ ಸೀರೆ ಉಟ್ಟು ಅಕ್ಷತೆ ಹಾಕಿದಳು. ನಾನು ಪಂಕ್ತಿಯಲ್ಲಿ ಕೂತು ಎರಡು ಸಲ ಹುಗ್ಗಿ ಹಾಕಿಸಿಕೊಂಡು, ಮೇಲೆ ತುಪ್ಪ ಬಿಡಿಸಿಕೊಂಡು ಉಂಡೆ. ಅಷ್ಟು ರುಚಿಯ ಹುಗ್ಗಿ ನಾನು ಉಂಡಿಲ್ಲ.

ಮನೆಗೆ ಬಂದವಳು ಸೀರೆ ಕೂಡ ಬದಲಿಸದೆ ಟ್ರಂಕಿನ ಮುಂದೆ ಕೂತೆ. ಇನ್ನು ಅವ್ವನ ಖಣ ಹೊಲಿಯಬಹುದು ಎನಿಸಿತು. ಅವ್ವನ ಮಷೀನಿನ ಮೇಲೆ, ಅವ್ವ ಬಯಸಿದ ಹಾಗೆಯೇ. ಹಸಿರು ಮೈ, ಕೆಂಪು ಅಂಚು, ಬಣ್ಣ ಒಂದಿಷ್ಟೂ ಕಂದಿರಲಿಲ್ಲ. ಹೊರತೆಗೆದು ಮಷೀನಿನ ಹಲಗೆಯ ಮೇಲಿಟ್ಟು ಮೊದಲ ಮಡಿಕೆ ಬಿಡಿಸಿದೆ. ಚರ್ ಎಂದು ಸಣ್ಣ ಸಪ್ಪಳವಾಯಿತು. ಎರಡನೆಯದನ್ನು ಬಿಡಿಸಿದೆ. ಅಲ್ಲಿಯೂ ಅದೇ ಸಪ್ಪಳ.

ರೇಷ್ಮೆಯನ್ನು ಒಂದೇ ಮಡಿಕೆಯಲ್ಲಿ ಇಡಬೇಡಿರಿ, ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಬೇರೆ ಮಡಿಕೆ ಹಾಕಿರಿ, ಇಲ್ಲದಿದ್ದರೆ ಮಡಿಕೆಯಲ್ಲೇ ಸೀಳುತ್ತದೆ. ಬರುವ ಗಿರಾಕಿಗಳಿಗೆಲ್ಲ ನಾನು ಹೇಳುವ ಮಾತು ಇದು. ಅವ್ವನ ಖಣ ಅಂಗೈಯಗಲದ ಚೌಕಗಳಾಗಿ ಬಿಡಿಬಿಡಿಯಾಗಿ ನನ್ನ ಮುಂದೆ ಬಿದ್ದಿತ್ತು. ಒಂದು ತೋಳಿಗಾಗುವಷ್ಟು ಬಟ್ಟೆಯೂ ಅದರಲ್ಲಿ ಕೂಡಿಬರುತ್ತಿರಲಿಲ್ಲ. ಕೌದಿಗೆ ಬೇಕಾದರೆ ಆದೀತು.

ಆ ಮಡಿಕೆಯಲ್ಲಿ ಅದನ್ನು ನಮ್ಮ ಮನೆಗೆ ಕಳಿಸಿದವಳು ದೊಡ್ಡವ್ವ. ಈ ನಷ್ಟವನ್ನೂ ಅವಳ ಲೆಕ್ಕಕ್ಕೇ ಹಚ್ಚಿದ್ದೇನೆ.